ಭಾನುವಾರದ ಪ್ರಶ್ನೋತ್ತರ: ಕೆಲಸದಲ್ಲಿ ಕೈಕಾಲು ಹೋದರೆ ಪರಿಹಾರ ಏನು, ಮುಂದಿನ ಕೆಲಸ ಏನು?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೋದ ವಾರ ಹೇಳಿದ್ದ ಹಾಗೆ ಇವತ್ತು ವಕೀಲ ಮೇಡಂ ನಮ್ಮ ಗುಂಪಿಗೆ ಬಂದಿದ್ದಾರೆ. ದಾವಣಗೆರೆ ಕೋರ್ಟಿನಲ್ಲಿ ಕಾರ್ಮಿಕರ ಪರಿಹಾರದ ಕೇಸು ನಡೆಸುತ್ತಾರೆ. ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರ ತನಕ ಇರುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ವಯಸ್ಸು, ಸಂಬಳ, ಗಾಯ ಆದ ತಿಂಗಳು, ಇಎಸ್‌ಐ (ನೌಕರರ ರಾಜ್ಯ ವಿಮೆ) ಇದೆಯೋ ಇಲ್ಲವೋ, ಇಷ್ಟು ಬರೆಯಿರಿ. ಮಾಲೀಕರ ಹೆಸರು, ಆಸ್ಪತ್ರೆ ಹೆಸರು ಬೇಡ. ಫಾರ್ವರ್ಡ್ ಬೇಡವೇ ಬೇಡ.

ಬೆಣ್ಣೆದೋಸೆ ಪ್ರಿಯ: ಮೇಡಂ ಮೊದಲು ಇದು ನಿಜಾನಾ ಹೇಳಿ. ಎಲ್ಲಾ ಗುಂಪಲ್ಲೂ ಓಡಾಡುತ್ತಿದೆ. "ಹೊಸ ಕಾರ್ಮಿಕ ನಿಯಮ ಜಾರಿ!! ಕೆಲಸದಲ್ಲಿ ಗಾಯ ಆದ ಪ್ರತಿಯೊಬ್ಬರಿಗೂ 10 ಲಕ್ಷ, 6 ತಿಂಗಳು ಉಚಿತ ತರಬೇತಿ, ಆಮೇಲೆ ಸರ್ಕಾರಿ ಕೆಲಸ. ಈ ತಿಂಗಳೇ ಕೊನೆ. ಲಿಂಕ್ ಒತ್ತಿ ಆಧಾರ್ ಹಾಕಿ. 10 ಜನಕ್ಕೆ ಕಳಿಸಿ."

ಅಡ್ಮಿನ್: ಅಣ್ಣ, ಫಾರ್ವರ್ಡ್ ಬೇಡ ಅಂದು ಎರಡು ನಿಮಿಷ ಆಗಿಲ್ಲ.

ವಕೀಲರು: ಇರಲಿ, ಹೇಗೂ ಎಲ್ಲರೂ ಕೇಳುವುದು ಇದನ್ನೇ. ಅದು ಸುಳ್ಳು. ಲಿಂಕ್ ಒತ್ತಬೇಡಿ. ಒತ್ತಿ ಬ್ಯಾಂಕ್ ವಿವರ ಹಾಕಿದ್ದರೆ ಈಗಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ.

ಇದರಲ್ಲಿ ನಿಜ ಅಂತ ಇರುವುದು ಒಂದು ಸಾಲು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಸಂಸತ್ತು ಅದನ್ನು ಪಾಸು ಮಾಡಿದ್ದು 2020ರಲ್ಲಿ, ಐದು ವರ್ಷ ಸುಮ್ನೆ ಬಿದ್ದಿತ್ತು. 1923ರ ನೌಕರರ ಪರಿಹಾರ ಕಾಯ್ದೆ, 1948ರ ಇಎಸ್‌ಐ ಕಾಯ್ದೆ ಎರಡೂ ಈಗ ಅದರ ಹೊಟ್ಟೆಯೊಳಗೆ. ಪರಿಹಾರದ ಲೆಕ್ಕ ಹೆಚ್ಚುಕಡಿಮೆ ಹಳೆಯದೇ. ಹಳೇ ನಿಯಮಗಳೂ ಹೊಸ ಕಾನೂನಿಗೆ ಅಡ್ಡ ಬರದಷ್ಟು ಮಟ್ಟಿಗೆ ಸದ್ಯಕ್ಕೆ ನಡೆಯುತ್ತವೆ. ನವೆಂಬರ್ 21ಕ್ಕಿಂತ ಮುಂಚೆ ಗಾಯ ಆಗಿದ್ದರೆ ನಿಮಗೆ 1923ರ ಕಾಯ್ದೆಯೇ.

ಇನ್ನು ತರಬೇತಿ. ಖಾಸಗಿ ಮಾಲೀಕ ಗಾಯಾಳುವಿಗೆ ಬೇರೆ ಕೆಲಸ ಕಲಿಸಲೇಬೇಕು, ಕೆಲಸ ಕೊಡಲೇಬೇಕು ಅಂತ ಹಳೆಯ ಕಾಯ್ದೆಯಲ್ಲೂ ಇರಲಿಲ್ಲ, ಹೊಸದರಲ್ಲೂ ಇಲ್ಲ. ತರಬೇತಿ ಇರುವುದು ಇಎಸ್‌ಐ ಇರುವವರಿಗೆ, ಅದೂ ಷರತ್ತಿನ ಮೇಲೆ. ಸರ್ಕಾರಿ ಕೆಲಸ ಯಾರೂ ಕೊಡುವುದಿಲ್ಲ.

ಹೊಲಿಗೆ ಯಂತ್ರ: ಮೇಡಂ, ಗಾರ್ಮೆಂಟ್ಸ್‌ಗೆ ಹೋಗುವಾಗ ಬೆಳಿಗ್ಗೆ ಪಿ.ಬಿ. ರಸ್ತೆಯಲ್ಲಿ ಬೈಕ್ ಗುದ್ದಿ ಕಾಲು ಮುರಿಯಿತು. ಇಎಸ್‌ಐ ಇದೆ. ಕಾರ್ಖಾನೆ ಒಳಗೆ ಆಗಿದ್ದಲ್ಲ, ಬರಲ್ಲ ಅಂತಾರೆ ಆಫೀಸಿನವರು.

ವಕೀಲರು: ಬರುತ್ತದೆ. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವ ದಾರಿಯ ಅಪಘಾತವನ್ನು ಇಎಸ್‌ಐ 2010ರಿಂದಲೇ ಕೆಲಸದ ಅಪಘಾತ ಅಂತ ಹಿಡಿಯುತ್ತದೆ. ಅಪಘಾತದ ಸಮಯ, ಜಾಗ ಕೆಲಸಕ್ಕೆ ಹೋಗಿಬರುವುದಕ್ಕೆ ಹೊಂದಬೇಕು ಅಷ್ಟೇ. ಇಎಸ್‌ಐ ಇಲ್ಲದವರಿಗೂ ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ಹಾಗೇ ಹೇಳಿದೆ, ಹೊಸ ಸಂಹಿತೆಯಲ್ಲೂ ಬರೆದಿದೆ. ಅಪಘಾತ ವರದಿ ಕಳಿಸುವುದು ಆಫೀಸಿನವರ ಕೆಲಸ. ಬರವಣಿಗೆಯಲ್ಲಿ ಕೇಳಿ, ಒಂದು ಪ್ರತಿ ಇಟ್ಟುಕೊಳ್ಳಿ. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಕೂಲಿಯ 90% ಬರಬೇಕು.

ಜಗಳೂರು ಗಾರೆ: ಸಾರುವೆ ಮುರಿದು ಬಿದ್ದೆ, ಸೊಂಟ ಹೋಗಿದೆ. ಮೇಸ್ತ್ರಿ ನಾನು ಮಾಲೀಕ ಅಲ್ಲ ಅಂತಾನೆ, ಕಂಟ್ರಾಕ್ಟರ್ ಮೇಸ್ತ್ರಿ ಕಡೆ ಕೈ ತೋರಿಸ್ತಾನೆ.

ವಕೀಲರು: ಇಬ್ಬರ ಮೇಲೂ ಕೇಸು ಹಾಕಿ. ಕಂಟ್ರಾಕ್ಟರ್ ಮೊದಲು ಕೊಡಬೇಕು, ಆಮೇಲೆ ಮೇಸ್ತ್ರಿ ಕಡೆಯಿಂದ ಬೇಕಾದರೆ ವಸೂಲಿ ಮಾಡಿಕೊಳ್ಳಲಿ. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಇದ್ದರೆ ಅಲ್ಲಿಯೂ ಅರ್ಜಿ ಹಾಕಿ. ಅದು ಬೇರೆ, ಇದು ಬೇರೆ. ಒಂದು ತಗೊಂಡರೆ ಇನ್ನೊಂದು ಹೋಗುವುದಿಲ್ಲ.

ಹರಿಹರದಿಂದ: ನಮಸ್ಕಾರ ಅಕ್ಕ. ಹೆಸರು ಬೇಡ. ನಮ್ಮ ಮನೆಯವರಿಗೆ 35 ವರ್ಷ. ಸಣ್ಣ ವರ್ಕ್‌ಶಾಪಿನಲ್ಲಿ ತಗಡು ಒತ್ತುವ ಪವರ್ ಪ್ರೆಸ್ ಓಡಿಸುತ್ತಿದ್ದರು, ಹನ್ನೆರಡು ವರ್ಷದಿಂದ. ಸಂಬಳ 18 ಸಾವಿರ, ಕೈಗೇ ಕೊಡುತ್ತಿದ್ದರು. ಒಟ್ಟು ಏಳು ಜನ. ಇಎಸ್‌ಐ ಇಲ್ಲ. 2025ರ ಆಗಸ್ಟ್‌ನಲ್ಲಿ ಬಲಗೈ ಪ್ರೆಸ್ಸಿನ ಅಚ್ಚಿನ (ಡೈ) ಒಳಗೆ ಸಿಕ್ಕಿಕೊಂಡು ನಾಲ್ಕು ಬೆರಳೂ ಹೋದವು. ಹೆಬ್ಬೆರಳು ಉಳಿದಿದೆ. ಮಾಲೀಕರೇ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು, ಬಿಲ್ಲೂ ಕಟ್ಟಿದರು. ಕೆಟ್ಟವರೇನಲ್ಲ. ಆಮೇಲೆ 60 ಸಾವಿರ ಕೊಟ್ಟರು. ಈಗ ಛಾಪಾ ಕಾಗದ ತಂದಿದ್ದಾರೆ, ಪೂರ್ತಿ ಪರಿಹಾರ ಮುಟ್ಟಿತು, ಇನ್ನು ತಕರಾರು ಇಲ್ಲ ಅಂತ ಬರೆದಿದೆ. ಒಪ್ಪಿದರೆ ಇನ್ನೂ 40 ಸಾವಿರ, ಮತ್ತೆ 9 ಸಾವಿರ ಸಂಬಳಕ್ಕೆ ಅಲ್ಲೇ ವಾಚ್‌ಮನ್ ಕೆಲಸ ಅಂತಾರೆ. ಸಹಿ ಮಾಡಲು ಕೈ ಇಲ್ಲವಲ್ಲ ಅಂದರೆ, ಎಡಗೈ ಹೆಬ್ಬೆಟ್ಟು ಒತ್ತಿದರೆ ಸಾಕು ಅಂದರು. ಆಸ್ಪತ್ರೆ ಕಾಗದದಲ್ಲಿ ‘ಮನೆಯಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಕೈ ಸಿಕ್ಕಿದ್ದು’ ಅಂತ ಬರೆದಿದೆಯಂತೆ, ಮೊನ್ನೆ ಮಗಳು ಓದಿ ಹೇಳಿದಳು. ನಮ್ಮ ಮನೆಯಲ್ಲಿ ದನಾನೇ ಇಲ್ಲ ಅಕ್ಕ. ಬುಧವಾರ ಬರುತ್ತೇನೆ ಅಂದಿದ್ದಾರೆ. ಹೆಬ್ಬೆಟ್ಟು ಒತ್ತೋದಾ ಬೇಡ್ವಾ?

ವಕೀಲರು: ಬೇಡ. ಬುಧವಾರ ಏನನ್ನೂ ಒತ್ತಬೇಡಿ. ಮಿಕ್ಕಿದ್ದು ಆಮೇಲೆ. ಮೊದಲು ಮೂರು ಮಾತು ಹೇಳಿ. ಸೀದಾ ದೊಡ್ಡ ಆಸ್ಪತ್ರೆಗೆ ಹೋದರಾ, ಮೊದಲು ಹತ್ತಿರದ ಯಾವುದಾದರೂ ಕ್ಲಿನಿಕ್ಕಿಗೆ ಹೋಗಿದ್ದರಾ? ಬಿಲ್ಲು ನಗದಾಗಿ ಕಟ್ಟಿದ್ದಾ, ಫೋನ್‌ನಲ್ಲಾ? ಆ ದಿನ ಪಕ್ಕದಲ್ಲಿ ಯಾರು ಕೆಲಸ ಮಾಡುತ್ತಿದ್ದರು?

ಹರಿಹರದಿಂದ: ಮೊದಲು ಹರಿಹರದಲ್ಲೇ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಬಟ್ಟೆ ಕಟ್ಟಿಸಿ ಆಮೇಲೆ ದಾವಣಗೆರೆಗೆ. ಬಿಲ್ಲು ಫೋನ್‌ಪೇ ಅನ್ನಿಸುತ್ತೆ. ಪಕ್ಕದಲ್ಲಿ ಇದ್ದವನು ಬಿಹಾರದ ಹುಡುಗ, ಈಗ ಊರಿಗೆ ಹೋಗಿದ್ದಾನೆ. ಅವನ ನಂಬರ್ ಇದೆ.

ಬೆಣ್ಣೆದೋಸೆ ಪ್ರಿಯ: ಅಕ್ಕ ಬೆರಳು ತುಂಡಾದಾಗ ತಕ್ಷಣ ಹಾಲಲ್ಲಿ ಹಾಕಿ ಐಸ್ ಸುರಿದಿದ್ದರೆ ಮತ್ತೆ ಕೂರಿಸುತ್ತಿದ್ದರು. ನನಗೆ ಒಂದು ಮೆಸೇಜ್ ಬಂದಿತ್ತು. ಮತ್ತೆ ಗಾಯಕ್ಕೆ ಕಾಫಿಪುಡಿ ಒತ್ತಿದರೆ ರಕ್ತ ನಿಲ್ಲುತ್ತೆ.

ಫಿಸಿಯೋ: ದಯವಿಟ್ಟು ಆ ಮೆಸೇಜ್ ಅಳಿಸಿ. ಹಾಲು ಬೇಡ, ಕಾಫಿಪುಡಿ ಬೇಡ, ಸೀಮೆಎಣ್ಣೆ ಬೇಡ, ಅರಿಶಿನ ಬೇಡ. ತುಂಡಾದ ಬೆರಳನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಬೇಕು, ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಬೇಕು, ಆ ಕವರನ್ನು ಐಸ್ ಹಾಕಿದ ನೀರಿನಲ್ಲಿ ಇಡಬೇಕು. ಐಸ್ ಮಾಂಸಕ್ಕೆ ನೇರ ತಾಗಿದರೆ ಬೆರಳು ಕೆಟ್ಟುಹೋಗುತ್ತದೆ. ಗಾಯದ ಮೇಲೆ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿದು, ಕೈ ಮೇಲೆತ್ತಿ ಆಸ್ಪತ್ರೆಗೆ ಓಡಿ. ಅಷ್ಟೇ.

ವಕೀಲರು: ನಾನು ಮೂರು ಗಂಟೆ ಬಿಡುವು ಮಾಡಿಕೊಂಡು ಕೂತಿರುವುದು ಹಾಲು ಐಸಿನ ಕಥೆ ಕೇಳೋದಕ್ಕಲ್ಲ. ಆ ಮನುಷ್ಯನ ಬೆರಳು ಹೋಗಿ ತಿಂಗಳುಗಳಾಗಿವೆ. ಅವರ ಹೆಂಡತಿ ಇಲ್ಲೇ ಓದುತ್ತಿದ್ದಾರೆ. ಸ್ವಲ್ಪ ಯೋಚನೆ ಮಾಡಿ ಬರೆಯಿರಿ.

ಹರಿಹರದ ತಂಗಿ, ಈಗ ನಿಧಾನವಾಗಿ ಓದಿ. ಮಗಳ ಹತ್ತಿರ ಎರಡು ಸಲ ಓದಿಸಿ.

ಲೆಕ್ಕ ಮೊದಲು. ಅಪಘಾತ ಆಗಸ್ಟ್‌ನಲ್ಲಿ, ಹಾಗಾಗಿ 1923ರ ಕಾಯ್ದೆ. ಇಎಸ್‌ಐ ಇಲ್ಲದಿದ್ದರೆ ಹೊಣೆ ಪೂರ್ತಿ ಮಾಲೀಕರದು, ಏಳು ಜನ ಇದ್ದರೂ ಅಷ್ಟೇ. ಸಂಬಳ 18 ಸಾವಿರ ಇದ್ದರೂ ಲೆಕ್ಕಕ್ಕೆ ಹಿಡಿಯುವುದು ಹೆಚ್ಚೆಂದರೆ 15 ಸಾವಿರ. 2020ರ ಜನವರಿ 3ರಿಂದ ಅದೇ ಮಿತಿ, ಮುಂಚೆ 8 ಸಾವಿರ ಇತ್ತು. 15 ಸಾವಿರದ 60% ಅಂದರೆ 9 ಸಾವಿರ. 35 ವರ್ಷಕ್ಕೆ ಕಾಯ್ದೆಯ ಪಟ್ಟಿಯಲ್ಲಿರುವ ಅಂಕಿ 197.06. ಗುಣಿಸಿದರೆ 17,73,540 ರೂಪಾಯಿ. ಇದು ದುಡಿಯುವ ಶಕ್ತಿ ಪೂರ್ತಿ ಹೋದವರಿಗೆ. ಒಂದು ಕೈಯ ನಾಲ್ಕು ಬೆರಳು ಹೋದರೆ ಪಟ್ಟಿ ಹೇಳುವುದು 50%. ಅಂದರೆ 8,86,770. ಇದು ಕಡಿಮೆ ಅಂದರೂ ಸಿಗಬೇಕಾದ್ದು. ಅವರು ಕೊಡುತ್ತಿರುವುದು ಒಂದು ಲಕ್ಷ.

ಈಗ ನನಗೆ ಮುಖ್ಯ ಅನ್ನಿಸಿದ ಮಾತು. ಪಟ್ಟಿಯ 50% ಕೈಯ ಲೆಕ್ಕ, ಕೆಲಸದ ಲೆಕ್ಕ ಅಲ್ಲ. ನಿಮ್ಮ ಮನೆಯವರು ಪ್ರೆಸ್ ಓಡಿಸುವವರು. ಬಲಗೈಯಲ್ಲಿ ಬರೀ ಹೆಬ್ಬೆರಳು ಇಟ್ಟುಕೊಂಡು ಯಾವ ಪ್ರೆಸ್ ಓಡಿಸುತ್ತಾರೆ? 1975ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಬ್ಬ ಬಡಗಿಯ ಕೇಸು ಬಂದಿತ್ತು. ಎಡಗೈಯನ್ನು ಮೊಣಕೈ ಮೇಲೆ ಕತ್ತರಿಸಬೇಕಾಯಿತು. ಪಟ್ಟಿ ಪ್ರಕಾರ ಅದು ಪೂರ್ತಿ ಅಲ್ಲ. ಆದರೆ ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲಾಗದು, ಹಾಗಾಗಿ ಅವನ ನಷ್ಟ 100% ಅಂತ ಕೋರ್ಟು ಒಪ್ಪಿತು. 2010ರಲ್ಲಿ ಒಂದು ಮೋಟಾರು ಅಪಘಾತದ ಕೇಸಿನಲ್ಲೂ ಇದೇ ಮಾತು ಬಂತು. ಅದೇ ಎಡಗೈ ಹೋದರೂ ಡ್ರೈವರಿಗೆ, ಬಡಗಿಗೆ ಎಲ್ಲವೂ ಹೋದ ಹಾಗೆ, ಆಫೀಸಿನ ಗುಮಾಸ್ತನಿಗೆ ಹಾಗಲ್ಲ. ನಾವು ಕೇಳಬೇಕಾದ್ದು ಹೀಗೆ. ಪೂರ್ತಿ ಸಿಕ್ಕೇ ಸಿಗುತ್ತದೆ ಅಂತ ಮಾತು ಕೊಡುವುದಿಲ್ಲ, ಡಾಕ್ಟರ ಸಾಕ್ಷಿ ಮೇಲೆ ನಿಲ್ಲುತ್ತದೆ.

ಆ ವಾಚ್‌ಮನ್ ಕೆಲಸ ಇದೆಯಲ್ಲ, ಅಲ್ಲೇ ನನಗೆ ಅನುಮಾನ. ಮೊದಲಿದ್ದ 18 ಸಾವಿರವನ್ನೇ ಕೊಟ್ಟು ಕೂರಿಸಿದರೆ, ‘ಇವನ ದುಡಿಮೆ ಕಡಿಮೆ ಆಗಿಲ್ಲ’ ಅಂತ ನಾಳೆ ವಾದ ಮಾಡಬಹುದು. ಇಲ್ಲಿ 9 ಸಾವಿರ ಅಂತ ಅವರೇ ಬರೆಯುತ್ತಿದ್ದಾರೆ. ಅಂದರೆ ದುಡಿಮೆ ಅರ್ಧ ಆಯಿತು ಅಂತ ಅವರೇ ಒಪ್ಪಿಕೊಂಡ ಹಾಗೆ. ಆ ಕಾಗದದ ಫೋಟೋ ತೆಗೆದಿಟ್ಟುಕೊಳ್ಳಿ. ಒತ್ತಬೇಡಿ, ಫೋಟೋ ಮಾತ್ರ. ಮನೆ ನಡೆಯುವುದೇ ಕಷ್ಟ ಅಂದರೆ ಕೆಲಸಕ್ಕೆ ಹೋಗಲಿ, ತಪ್ಪಿಲ್ಲ. ಆದರೆ ಕೆಲಸಕ್ಕೂ ಆ ಕಾಗದಕ್ಕೂ ಗಂಟು ಹಾಕಲು ಬಿಡಬೇಡಿ.

ಕಾಗದಕ್ಕೆ ಬೆಲೆ ಇದೆಯಾ? ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ಒಪ್ಪಂದ ಮಾಡಿಕೊಂಡರೂ ಪರಿಹಾರದ ಕೇಸು ನಡೆಸುವ ಆಯುಕ್ತರ ಮುಂದೆ ನೋಂದಾಯಿಸಬೇಕು. ಹಣ ಕಡಿಮೆ ಅನ್ನಿಸಿದರೆ ಅವರು ನೋಂದಣಿಗೇ ಒಪ್ಪದಿರಬಹುದು. ಒಪ್ಪಂದವನ್ನು ಅಲ್ಲಿಗೆ ಕಳಿಸದೆ ಮುಚ್ಚಿಟ್ಟರೆ ಮಾಲೀಕ ಪೂರ್ತಿ ಪರಿಹಾರ ಕೊಡಬೇಕು, ಈಗಾಗಲೇ ಕೊಟ್ಟಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಳೆಯುವಂತೆಯೂ ಇಲ್ಲ, ಆಯುಕ್ತರು ಬೇರೆ ಹೇಳದಿದ್ದರೆ. ಹಾಗಾದರೆ ಒತ್ತಿದರೆ ಏನು ನಷ್ಟ ಅಂತ ಕೇಳಬಹುದು. ನಷ್ಟ ಇದೆ. ಆ ಕಾಗದದಲ್ಲಿ ಮೇವಿನ ಯಂತ್ರದ ಕಥೆಯೂ ಇರುತ್ತದೆ. ಅದನ್ನು ಅಳಿಸಲು ವರ್ಷಗಟ್ಟಲೆ ಕೋರ್ಟು ಅಲೆಯಬೇಕು.

ನಿಜವಾದ ಅಪಾಯ ಆ ಮೇವಿನ ಯಂತ್ರವೇ. ಹಣದ ಲೆಕ್ಕ ಎಷ್ಟು ಚೆನ್ನಾಗಿದ್ದರೂ ಗಾಯ ಕೆಲಸದಲ್ಲಿ ಆಗಿದ್ದು ಅಂತ ತೋರಿಸದಿದ್ದರೆ ಒಂದು ರೂಪಾಯಿಯೂ ಬರುವುದಿಲ್ಲ. ನಾಳೆಯೇ ಮಾಡಬೇಕಾದ್ದು: ಹರಿಹರದ ಕ್ಲಿನಿಕ್ಕಿಗೆ ಹೋಗಿ ಆ ದಿನದ ಚೀಟಿ, ರಿಜಿಸ್ಟರಿನ ನಕಲು ಕೇಳಿ. ಗಾಬರಿಯಲ್ಲಿ ಹೋದ ಮೊದಲ ಜಾಗದಲ್ಲಿ ಸಾಮಾನ್ಯವಾಗಿ ನಿಜ ಬರೆದಿರುತ್ತಾರೆ. ದೊಡ್ಡ ಆಸ್ಪತ್ರೆಯಿಂದ ಪೂರ್ತಿ ಕೇಸ್‌ಶೀಟಿನ ದೃಢೀಕೃತ ಪ್ರತಿ ತೆಗೆದುಕೊಳ್ಳಿ, ಹೇಳಿಕೆ ಕೊಟ್ಟವರು ಯಾರು ಅಂತ ಅಲ್ಲಿ ಇರಬಹುದು. ಬಿಹಾರದ ಹುಡುಗನಿಗೆ ಫೋನ್ ಮಾಡಿ, ಪ್ರೀತಿಯಿಂದ ಮಾತಾಡಿ, ಆ ದಿನದ ಫೋಟೋ ಇದೆಯಾ ಕೇಳಿ. ಆಮೇಲೆ ಪೊಲೀಸ್ ಠಾಣೆಗೆ ಬರವಣಿಗೆಯಲ್ಲಿ ದೂರು, ತಡ ಯಾಕಾಯಿತು ಅನ್ನುವುದನ್ನೂ ಸೇರಿಸಿ. ಮಾಲೀಕರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು.

ಬಿಲ್ಲು ಫೋನ್‌ಪೇಯಲ್ಲಿ ಕಟ್ಟಿದ್ದರೆ ಬಹಳ ಒಳ್ಳೆಯದು. ನಿಮ್ಮ ಮನೆಯ ಮೇವಿನ ಯಂತ್ರಕ್ಕೆ ಕೈ ಹೋದರೆ ಇವರು ಯಾಕೆ ಬಿಲ್ಲು ಕಟ್ಟಿದರು? ನಾನು ಆಗಿದ್ದರೆ ಕೋರ್ಟಿನಲ್ಲಿ ಕೇಳುವ ಮೊದಲ ಪ್ರಶ್ನೆ ಅದು. ಎರಡನೆಯದು, ದನ ಇಲ್ಲದ ಮನೆಯಲ್ಲಿ ಮೇವಿನ ಯಂತ್ರ ಎಲ್ಲಿಂದ ಬಂತು?

ಕೇಸು ಹಾಕಲು ಅಪಘಾತದಿಂದ ಎರಡು ವರ್ಷ ಇದೆ, ಆದರೆ ಸಾಕ್ಷಿಗೆ ಅಷ್ಟು ಆಯುಷ್ಯ ಇಲ್ಲ. ನಮ್ಮ ರಾಜ್ಯದಲ್ಲಿ ಇದು ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ನಡೆಯುತ್ತದೆ, ಆಯುಕ್ತರು ಅಂದರೆ ಅವರೇ. ಒಂದು ತಿಂಗಳ ಮೇಲೆ ಬಾಕಿ ಉಳಿಸಿದ್ದಕ್ಕೆ ವರ್ಷಕ್ಕೆ 12% ಬಡ್ಡಿ ಇದೆ. ಸುಮ್ಮನೆ ಎಳೆದಿದ್ದರೆ 50% ತನಕ ದಂಡ ಬೇರೆ. ವಕೀಲರಿಗೆ ಕೊಡಲು ಹಣ ಇಲ್ಲ ಅಂತ ನಿಲ್ಲಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ವರ್ಕ್‌ಶಾಪ್ ಮಾಲೀಕ: ಮೇಡಂ, ನಾನೂ ಎಂಟು ಜನ ಇಟ್ಟುಕೊಂಡವನು. ಸುಳ್ಳು ಬರೆಸಿದ್ದು ತಪ್ಪು, ಒಪ್ಪುತ್ತೇನೆ. ಆದರೆ 17 ಲಕ್ಷ ನಮ್ಮಂಥವರು ಎಲ್ಲಿಂದ ತರಬೇಕು? ಲೇತ್ ಮಾರಿ ಬೀದಿಗೆ ಬರಬೇಕಾ? ಯಂತ್ರಕ್ಕೆ ಕೈ ಸಿಗದ ಹಾಗೆ ಗಾರ್ಡ್ ಹಾಕಿಕೊಳ್ಳಿ ಅಂದರೆ ಇವರೇ ತೆಗೆದು ಮೂಲೆಗೆ ಇಡುತ್ತಾರೆ.

ವಕೀಲರು: ನಿಮ್ಮ ಸ್ಕೂಟರಿಗೆ ವಿಮೆ ಇದೆಯಾ? ಇದೆ. ಎಂಟು ಜನಕ್ಕೆ? ನೌಕರರ ಪರಿಹಾರದ ಪಾಲಿಸಿ ಅಂತ ಸಿಗುತ್ತದೆ, ಹೋಗಿ ಮಾಡಿಸಿ. ದಂಡ ಮಾತ್ರ ಪಾಲಿಸಿಯಿಂದ ಬರುವುದಿಲ್ಲ, ಅದು ನಿಮ್ಮ ಜೇಬಿನಿಂದ. ಗಾರ್ಡ್ ವಿಷಯ: ಬೇಕಂತಲೇ ತೆಗೆದಿದ್ದು ಅಂತ ನೀವು ಸಾಬೀತು ಮಾಡಬೇಕು. ಪೂರ್ತಿ ಶಾಶ್ವತ ಅಂಗವಿಕಲತೆ ಆಗಿದ್ದರೆ ಅಥವಾ ಸಾವಾಗಿದ್ದರೆ ಆ ವಾದವೂ ನಡೆಯುವುದಿಲ್ಲ.

ಹಳೇ ಮಿಲ್ಲು: ಪೀಸಿನ ಲೆಕ್ಕ ಜಾಸ್ತಿ ಮಾಡಿ ಅಂತ ನೀವೇ ಒತ್ತಡ ಹಾಕಿ, ಆಮೇಲೆ ಗಾರ್ಡ್ ತೆಗೆದ ಅನ್ನೋದು. ನಾನು 22 ವರ್ಷ ಹತ್ತಿ ಮಿಲ್ಲಿನಲ್ಲಿ ಇದ್ದವನು. ಎಲ್ಲಾ ನೋಡಿದ್ದೇನೆ.

ವರ್ಕ್‌ಶಾಪ್ ಮಾಲೀಕ: ಮಿಲ್ಲು ಅಂದ್ರಾ? ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೀತಿದ್ರು ದಾವಣಗೆರೆನ. ಯೂನಿಯನ್‌ನವರು ಬಾವುಟ ಹಿಡಿದು ಹಿಡಿದು ಎಲ್ಲಾ ಮುಚ್ಚಿಸಿದಿರಿ. ಈಗ ಉಳಿದ ಸಣ್ಣ ಶೆಡ್ಡಿಗೂ ಬಂದಿರಾ?

ಹಳೇ ಮಿಲ್ಲು: ಮಿಲ್ಲು ಮುಚ್ಚಿದ್ದು ಹಳೇ ಯಂತ್ರ ಇಟ್ಟುಕೊಂಡು ಲಾಭ ಬೇರೆ ಕಡೆ ಸಾಗಿಸಿದವರಿಂದ. ಬಾವುಟದಿಂದ ಅಲ್ಲ. ನಿನಗೇನು ಗೊತ್ತು, ನೀನು ಆಗ ಚಡ್ಡಿ ಹಾಕುತ್ತಿದ್ದೆ.

ವರ್ಕ್‌ಶಾಪ್ ಮಾಲೀಕ: ಏಕವಚನ ಬೇಡ ರೀ.

ಮಂಡಕ್ಕಿ ಭಟ್ಟಿ: ಇಬ್ಬರೂ ಸ್ವಲ್ಪ ಸುಮ್ಮನಿರಿ. ನಮ್ಮ ಕಡೆ ಕುಡಿದು ಬಂದು ಒಲೆ ಮುಂದೆ ಕೂತರೆ ಯಾರು ಹೊಣೆ, ಅದನ್ನೂ ಮೇಡಂ ಹೇಳಲಿ.

ಅಡ್ಮಿನ್: ಮಿಲ್ಲಿನ ಜಗಳ ಬೇರೆ ಕಡೆ ಮಾಡಿಕೊಳ್ಳಿ. ಮುಂದಿನ ಪ್ರಶ್ನೆ.

ನಿಟುವಳ್ಳಿ: ಮೇಡಂ ನನಗೆ 44 ವರ್ಷ 8 ತಿಂಗಳು. ಜವಳಿ ಕಾರ್ಖಾನೆ, ಇಎಸ್‌ಐ ಇದೆ. ಮೆಡಿಕಲ್ ಬೋರ್ಡ್ 42% ಅಂತ ಕೊಟ್ಟಿದೆ, ಎಡಗೈ. ತರಬೇತಿ ಸಿಗುತ್ತೆ ಅಂದಿರಲ್ಲ, ಹೇಗೆ? ಬೇರೆ ಕೆಲಸಕ್ಕೆ ಸೇರಿದರೆ ಈಗ ಬರುತ್ತಿರುವ ಹಣ ನಿಂತುಹೋಗುತ್ತಾ?

ವಕೀಲರು: ನಿಮಗೆ ಉಳಿದಿರುವುದು ನಾಲ್ಕು ತಿಂಗಳು. ಕೆಲಸದ ಗಾಯದಿಂದ 40% ಅಥವಾ ಜಾಸ್ತಿ ಅಂಗವಿಕಲತೆ, ವಯಸ್ಸು 45 ಮೀರಿರಬಾರದು, ಇವೇ ಷರತ್ತು. ಎರಡೂ ನಿಮಗೆ ಇದೆ. ನಾಳೆಯೇ ಇಎಸ್‌ಐ ಶಾಖಾ ಕಚೇರಿಗೆ ಹೋಗಿ ವೃತ್ತಿ ಪುನರ್ವಸತಿ ತರಬೇತಿಗೆ ಅರ್ಜಿ ಅಂತ ಬರವಣಿಗೆಯಲ್ಲಿ ಕೊಡಿ. ಬಾಯಲ್ಲಿ ಕೇಳಿದರೆ ‘ಹಾಗೇನಿಲ್ಲ’ ಅಂತ ಕಳಿಸಬಹುದು. ಬೆಂಗಳೂರಿನಲ್ಲಿ ಅಂಗವಿಕಲರ ರಾಷ್ಟ್ರೀಯ ವೃತ್ತಿ ಸೇವಾ ಕೇಂದ್ರ ಇದೆ, ಹಿಂದೆ ವೃತ್ತಿ ಪುನರ್ವಸತಿ ಕೇಂದ್ರ ಅನ್ನುತ್ತಿದ್ದರು. ತರಬೇತಿ ನಡೆಯುವಷ್ಟು ದಿನ ಕೇಂದ್ರ ಹಾಕುವ ಶುಲ್ಕ ಅಥವಾ ದಿನಕ್ಕೆ 123 ರೂಪಾಯಿ, ಯಾವುದು ಜಾಸ್ತಿಯೋ ಅದನ್ನು ಇಎಸ್‌ಐ ಕೊಡುತ್ತದೆ.

ಶಾಶ್ವತ ಅಂಗವಿಕಲತೆಯ ಹಣ ಜೀವ ಇರುವ ತನಕ. ಬೇರೆ ಕೆಲಸಕ್ಕೆ ಸೇರಿದರೂ ನಿಲ್ಲುವುದಿಲ್ಲ. ಈ ಭಯಕ್ಕೇ ಎಷ್ಟೋ ಜನ ಮನೆಯಲ್ಲಿ ಕೂತಿದ್ದಾರೆ. ಹೋಗಿ ದುಡಿಯಿರಿ.

ಲಾರಿ ಅಣ್ಣ: 123 ರೂಪಾಯಿಗೆ ಬೆಂಗಳೂರಲ್ಲಿ ಎರಡು ಊಟ ಬರಲ್ಲ ಮೇಡಂ 😂

ವಕೀಲರು: ಬರಲ್ಲ. ನಿಗದಿ ಮಾಡಿದ್ದು ನಾನಲ್ಲ.

ಬಾತಿ ಕೆರೆ: ನನಗೆ 39% ಕೊಟ್ಟಿದ್ದಾರೆ. ಒಂದು ಪರ್ಸೆಂಟಿಗೆ ತಪ್ಪಿತು.

ವಕೀಲರು: ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಿ. ತಡ ಮಾಡಬೇಡಿ, ಅದಕ್ಕೂ ಗಡುವು ಇದೆ. ನೀವು ಮಾಡುತ್ತಿದ್ದ ಕೆಲಸ ಏನು ಅಂತ ವಿವರವಾಗಿ ಬರೆಯಿರಿ, ಬರೀ ಗಾಯದ ಫೋಟೋ ಸಾಲದು.

ಚಳ್ಳಕೆರೆ: ಮೇಡಂ 10 ಲಕ್ಷದ ಹೊಸ ನಿಯಮಕ್ಕೆ ಯಾವ ಆಫೀಸಿಗೆ ಹೋಗಬೇಕು?

ವಕೀಲರು: ಮೇಲೆ ಓದಿ.

ಹೊಸದುರ್ಗ ಗಣಿ: ಕಾಲು ಮೊಣಕಾಲ ಕೆಳಗೆ ಹೋಗಿದೆ. ಪರಿಹಾರ ಆಗಿದೆ. ಕೃತಕ ಕಾಲು ಎಲ್ಲಿ ಕಡಿಮೆಗೆ ಸಿಗುತ್ತೆ? ಯಾರೋ ಎಕ್ಕದ ಎಲೆ ಕಟ್ಟಿದರೆ ತುದಿಯ ನೋವು ಹೋಗುತ್ತೆ ಅಂದರು.

ಫಿಸಿಯೋ: ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಸಿಆರ್‌ಸಿ ಇದೆ, ಅಂಗವಿಕಲರ ಪುನರ್ವಸತಿ ಕೇಂದ್ರ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ಆದಾಯ ಪ್ರಮಾಣಪತ್ರ ತಗೊಂಡು ಹೋಗಿ ಕೇಳಿ. ಎಕ್ಕದ ಎಲೆ ಬೇಡ, ಅದರ ಹಾಲು ಚರ್ಮ ಸುಡುತ್ತದೆ. ತುದಿಯಲ್ಲಿ ಹುಣ್ಣಾದರೆ ಕೃತಕ ಕಾಲು ಹಾಕಲು ತಿಂಗಳುಗಟ್ಟಲೆ ಕಾಯಬೇಕು.

ಬೆಣ್ಣೆದೋಸೆ ಪ್ರಿಯ: ಎಕ್ಕ ನಮ್ಮ ಅಜ್ಜಿ ಕಾಲದಿಂದ ಕಟ್ಟುತ್ತಿದ್ದರು. ಎಲ್ಲದಕ್ಕೂ ಬೇಡ ಬೇಡ ಅಂದರೆ ಹೇಗೆ.

ಫಿಸಿಯೋ: ನಿಮ್ಮ ಅಜ್ಜಿ ಕತ್ತರಿಸಿದ ಕಾಲಿಗೆ ಕಟ್ಟುತ್ತಿದ್ದರಾ?

ಸರ್ಕಾರಿ ಡ್ರೈವರ್: ಇಲಾಖೆಯಲ್ಲಿ ಕಾಯಂ ಡ್ರೈವರ್. ಒಂದು ಕಣ್ಣು ಹೋಯಿತು. ಸ್ವಯಂ ನಿವೃತ್ತಿ ಬರೆದು ಕೊಡು ಅಂತಿದ್ದಾರೆ.

ವಕೀಲರು: ಬರೆದುಕೊಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, 20ನೇ ಕಲಂ. ಸೇವೆಯಲ್ಲಿದ್ದಾಗ ಅಂಗವಿಕಲರಾದ ಸರ್ಕಾರಿ ನೌಕರರನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಅದೇ ಸಂಬಳದಲ್ಲಿ ಬೇರೆ ಹುದ್ದೆ ಕೊಡಬೇಕು. ಹುದ್ದೆ ಇಲ್ಲದಿದ್ದರೆ ಸಿಗುವ ತನಕ ಅಥವಾ ನಿವೃತ್ತಿ ತನಕ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು.

ಲಾರಿ ಅಣ್ಣ: ನಮಗೂ ಕಣ್ಣೇ ಇರೋದು ಮೇಡಂ. ಖಾಸಗಿಯವರಿಗೆ ಯಾಕಿಲ್ಲ?

ವಕೀಲರು: ಕಾನೂನು ಮಾಡಿದವರನ್ನು ಕೇಳಿ.

ಹಳೇ ಮಿಲ್ಲು: ಕೇಳಬೇಕಾದರೆ ಸಂಘ ಬೇಕು. ಸಂಘ ಅಂದರೆ ಇಲ್ಲಿ ಕೆಲವರಿಗೆ ಹೊಟ್ಟೆ ಉರಿಯುತ್ತೆ.

ವರ್ಕ್‌ಶಾಪ್ ಮಾಲೀಕ: ಚಂದಾ ಎತ್ತೋದಕ್ಕೆ ಸಂಘ ಬೇಕು. ಆ ಹರಿಹರದವರಿಗೆ ನಿಮ್ಮ ಸಂಘ ಒಂದು ರೂಪಾಯಿ ಕೊಟ್ಟಿದೆಯಾ?

ಹಳೇ ಮಿಲ್ಲು: ನೀನು ಕೊಟ್ಟಿದ್ದೀಯಾ?

ಚನ್ನಗಿರಿ: ಮೇಡಂ, ನಮ್ಮಪ್ಪ ಅಡಿಕೆ ಮರ ಹತ್ತಿ ಕೊನೆ ತೆಗೆಯುವಾಗ ಬಿದ್ದು ಬೆನ್ನುಮೂಳೆ ಮುರಿದಿದೆ. ತೋಟ ಗುತ್ತಿಗೆ ಹಿಡಿದವರು ಬೇರೆ, ತೋಟದವರು ಬೇರೆ. ದಿನಗೂಲಿ. ಯಾರನ್ನು ಕೇಳಬೇಕು?

ಮಂಡಕ್ಕಿ ಭಟ್ಟಿ: ನಾನು ಕೇಳಿದ ಕುಡಿದವರ ಪ್ರಶ್ನೆಗೆ ಉತ್ತರ ಬಂದಿಲ್ಲ.

ಜನತಾ ಕಾಲೋನಿ: ಮೇಡಂ ಹೊಸ ನಿಯಮದಲ್ಲಿ ಸರ್ಕಾರಿ ಕೆಲಸ ಇದೆಯಂತೆ, ವಯಸ್ಸಿನ ಮಿತಿ ಎಷ್ಟು?

ವಕೀಲರು: ಇಲ್ಲ. ಇಲ್ಲ. ಇಲ್ಲ. ಇನ್ನೊಬ್ಬರು ಇದನ್ನೇ ಕೇಳಿದರೆ ನಾನು ಎದ್ದು ಹೋಗುತ್ತೇನೆ.

ಜನತಾ ಕಾಲೋನಿ: ಗೊತ್ತಿಲ್ಲ ಅಂದರೆ ಗೊತ್ತಿಲ್ಲ ಅನ್ನಿ. ಕೋಪ ಯಾಕೆ?

ಅಡ್ಮಿನ್: ಅಣ್ಣ, ಮೇಡಂ ಪುಕ್ಕಟೆ ಬಂದಿದ್ದಾರೆ. ಮರ್ಯಾದೆ ಇಟ್ಟು ಮಾತಾಡಿ.

ಜನತಾ ಕಾಲೋನಿ: ಪುಕ್ಕಟೆ ಯಾರೂ ಬರಲ್ಲ. ನಾಳೆ ಆ ಹರಿಹರದ ಕೇಸು ಅವರಿಗೇ ಸಿಗುತ್ತೆ ಅಷ್ಟೇ.

ವಕೀಲರು: ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಂತ ಬರೆದಿದ್ದೇನೆ, ನನ್ನ ಆಫೀಸಿಗೆ ಬನ್ನಿ ಅಂತ ಅಲ್ಲ. ಓದಲು ಬಂದರೆ ಓದಿ.

ಕುಡಿದವರ ಬಗ್ಗೆ: ಅಪಘಾತಕ್ಕೆ ನೇರವಾಗಿ ಅಮಲೇ ಕಾರಣ ಅಂತ ಮಾಲೀಕ ಸಾಬೀತು ಮಾಡಿದರೆ ಪರಿಹಾರ ಇಲ್ಲ. ವಾಸನೆ ಬರುತ್ತಿತ್ತು ಅಂದರೆ ಸಾಲದು. ಸಾವು, ಪೂರ್ತಿ ಶಾಶ್ವತ ಅಂಗವಿಕಲತೆ ಆಗಿದ್ದರೆ ಮಾಲೀಕನಿಗೆ ಈ ವಿನಾಯಿತಿ ಇಲ್ಲ.

ಹರಿಹರದಿಂದ: ಅಕ್ಕ, ಬಿಹಾರದ ಹುಡುಗನಿಗೆ ಫೋನ್ ಮಾಡಿದೆ. ಎತ್ತಿದ. ಆ ದಿನ ಅವನೇ ಫೋಟೋ ತೆಗೆದು ಊರಿನ ಅಣ್ಣನಿಗೆ ಕಳಿಸಿದ್ದನಂತೆ, ಪ್ರೆಸ್ ಮೇಲೆ ರಕ್ತ ಕಾಣುತ್ತದೆ. ಈಗ ನನಗೂ ಕಳಿಸಿದ. ಆದರೆ ಅವನ ಎರಡು ತಿಂಗಳ ಸಂಬಳ ಮಾಲೀಕರ ಹತ್ತಿರ ಬಾಕಿ ಇದೆಯಂತೆ. ಕೋರ್ಟಿಗೆ ಬರಲ್ಲ ಅಂತಾನೆ.

ವಕೀಲರು: ಫೋಟೋ ಅಳಿಸಬೇಡಿ. ಆ ಫೋನನ್ನೂ ಮಾರಬೇಡಿ. ಅವನು ಅಣ್ಣನಿಗೆ ಕಳಿಸಿದ ಮೂಲ ಮೆಸೇಜ್ ಇದ್ದರೆ ತಾರೀಖು ಸಮಯ ಸಮೇತ ಉಳಿಸಿಕೊಳ್ಳಲು ಹೇಳಿ. ಬರಲ್ಲ ಅಂದರೆ ಈಗ ಒತ್ತಾಯ ಮಾಡಬೇಡಿ. ಬಾಕಿ ಸಂಬಳಕ್ಕೆ ಅವನೂ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಬಹುದು ಅಂತ ಮಾತ್ರ ತಿಳಿಸಿ. ಬುಧವಾರ ಮಾಲೀಕರು ಬಂದಾಗ ನೆರೆಮನೆಯವರು ಇಬ್ಬರು ಜೊತೆಗಿರಲಿ. ಫೋಟೋ ಇದೆ ಅಂತ ಅವರಿಗೆ ಹೇಳಬೇಡಿ.

ಹರಿಹರದಿಂದ: ಕಾಫಿ ಕೊಟ್ಟು ಕಳಿಸುತ್ತೇನೆ ಅಕ್ಕ.

ಅಡ್ಮಿನ್: ಸಮಯ 1:20. ಮೇಡಂ ಹೊರಟರು. ಬಾಕಿ ಪ್ರಶ್ನೆ ಮುಂದಿನ ಭಾನುವಾರ. ಮಿಲ್ಲಿನ ಜಗಳ ಮಾಡಿದ ಇಬ್ಬರಿಗೂ ಒಂದು ವಾರ ಬರೆಯಲು ಅವಕಾಶ ಇಲ್ಲ.

ಚನ್ನಗಿರಿ: ಸರ್, ಅಡಿಕೆ ಮರದ್ದು ಕೇಳಿದ್ದೆ. ಯಾರೂ ನೋಡಲಿಲ್ಲ ಅನ್ನಿಸುತ್ತೆ.

ಚಳ್ಳಕೆರೆ: ಆ 10 ಲಕ್ಷದ ಲಿಂಕ್ ಯಾರ ಹತ್ತಿರ ಇದೆ? ಮೇಲೆ ಹುಡುಕಿದೆ, ಸಿಗಲಿಲ್ಲ.